ಗಾಳ ಹಾಕಲು ಯಾರ ಅಪ್ಪಣೆ?

ವಿದೇಶಕ್ಕೆ ಹೊರಟವರು ಪಾಸ್‌ಪೋರ್ಟು, ವೀಸಾ, ವಿಮಾನದ ಟಿಕೆಟ್ಟುಗಳ ಬಗ್ಗೆ ಹತ್ತು ಕಡೆ ವಿಚಾರಿಸುತ್ತಾರೆ. ಅಲ್ಲಿನ ಕೆರೆಯ ದಂಡೆಯಲ್ಲಿ ಕುಳಿತು ಒಂದು ಗಾಳ ಹಾಕುವುದಕ್ಕೂ ಸರ್ಕಾರದ ಪರವಾನಗಿ ಬೇಕಾದೀತೆಂದು ಮಾತ್ರ ಅನೇಕರಿಗೆ ಹೊಳೆಯುವುದಿಲ್ಲ. ಮಗನ ಮನೆಗೆಂದು ಅಮೆರಿಕಕ್ಕೋ ಮಗಳ ಮನೆಗೆಂದು ಇಂಗ್ಲೆಂಡಿಗೋ ಹೋದ ನಮ್ಮ ಕಡೆಯ ಹಿರಿಯರಿಗೆ ಇದೊಂದು ವಿಚಿತ್ರ ಕಟ್ಟಳೆಯಾಗಿ ಕಾಣುವುದು ಸಹಜ. ಹರಿಯುವ ನೀರಿಗೆ, ಈಜುವ ಮೀನಿಗೆ ಒಡೆಯನುಂಟೆ ಎಂಬುದು ಅವರ ಪ್ರಶ್ನೆ.

ಆದರೆ ಈ ಪ್ರಶ್ನೆ ಹೊರದೇಶದಿಂದ ಬಂದದ್ದಲ್ಲ. ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ನೆಲದಲ್ಲಿ ಅದಕ್ಕೆ ಬಹಳ ಹಳೆಯ ಬೇರುಗಳಿವೆ. ಕೃಷ್ಣೆ ಮತ್ತು ತುಂಗಭದ್ರೆಯರ ನಡುವಿನ ಈ ದೋಆಬು ಪ್ರದೇಶಕ್ಕೆ 'ಪರದೇಶ'ವೆಂದರೆ ಒಂದು ಕಾಲದಲ್ಲಿ ಹೊಳೆಯ ಆಚೆ ದಡವೇ ಆಗಿತ್ತು. 1948ರವರೆಗೆ ಸಿಂಧನೂರಿನ ಕಡೆಯ ದಡ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದರೆ, ಎದುರಿನ ಸಿರುಗುಪ್ಪದ ಕಡೆಯ ದಡ ಮೊದಲು ಬ್ರಿಟಿಷರ, 1947ರ ನಂತರ ಸ್ವತಂತ್ರ ಭಾರತದ ಮದ್ರಾಸು ಪ್ರಾಂತ್ಯದಲ್ಲಿತ್ತು. ಒಂದೇ ನೀರು, ಒಂದೇ ಮೀನು. ಆದರೆ ಎರಡು ಸರ್ಕಾರ, ಎರಡು ಕಾನೂನು. ಹರಿಗೋಲಿನಲ್ಲಿ ಕುಳಿತು ಬಲೆ ಬೀಸುವ ಅಂಬಿಗ ನಡುಹೊಳೆ ದಾಟಿದನೆಂದರೆ ಬೇರೆ ರಾಜ್ಯಕ್ಕೆ ಹೋದಂತೆಯೇ.

ಮೀನು ಹಿಡಿಯುವ ನಿಯಮಗಳು ಯಾವ ದೇಶದ್ದಾಗಲಿ, ಅವುಗಳ ಒಳಗೆ ಮೂರು ಪ್ರಶ್ನೆಗಳಿರುತ್ತವೆ. ನೀರು ಯಾರದು? ಯಾವ ದಿನ ಹಿಡಿಯಬಹುದು? ಯಾವ ಸಾಧನದಿಂದ ಹಿಡಿಯಬಹುದು? ಇವುಗಳ ಹಿಂದೆ ಅಡಗಿರುವ ನಾಲ್ಕನೆಯ ಪ್ರಶ್ನೆಯೊಂದಿದೆ. ಹಿಡಿಯುವವನು ಹೊಟ್ಟೆಪಾಡಿಗೆ ಹಿಡಿಯುತ್ತಾನೋ, ವಿನೋದಕ್ಕೋ? ಒಂದು ನಿಯಮ ನ್ಯಾಯವಾದದ್ದೋ ಅಲ್ಲವೋ ಎಂಬುದು ತೀರ್ಮಾನವಾಗುವುದು ಬಹುಮಟ್ಟಿಗೆ ಈ ನಾಲ್ಕನೆಯ ಪ್ರಶ್ನೆಯ ಮೇಲೆ.

ಮೊದಲ ಪ್ರಶ್ನೆಗೆ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ನೇರವಾದ ಉತ್ತರವಿದೆ. ಕಟ್ಟಿಸಿದ ಜಲಾಶಯಗಳಲ್ಲಿನ ಮೀನಿನ ಒಡೆತನ ರಾಜನದು. ದೋಣಿ ಮತ್ತು ಕಡವುಗಳನ್ನು ನೋಡಿಕೊಳ್ಳುವ 'ನಾವಧ್ಯಕ್ಷ'ನೆಂಬ ಅಧಿಕಾರಿಯ ಕರ್ತವ್ಯಗಳನ್ನು ಹೇಳುವಾಗ, ಬೆಸ್ತರು ತಾವು ಹಿಡಿದದ್ದರ ಆರನೆಯ ಒಂದು ಪಾಲನ್ನು ಸಲ್ಲಿಸಬೇಕೆಂದು ಗ್ರಂಥ ವಿಧಿಸುತ್ತದೆ. ಇದು ದೋಣಿಯ ಬಾಡಿಗೆಯೆಂದು ಅರ್ಥ ಮಾಡುವವರಿದ್ದಾರೆ. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿದ್ದು, ಕಳೆದುಹೋಗಿತ್ತೆಂದು ಎಲ್ಲರೂ ಭಾವಿಸಿದ್ದ ಈ ಗ್ರಂಥವನ್ನು 1905ರಲ್ಲಿ ಗುರುತಿಸಿ 1909ರಲ್ಲಿ ಮುದ್ರಿಸಿದ ಆರ್. ಶಾಮಾಶಾಸ್ತ್ರಿಗಳು ತಮ್ಮ ಇಂಗ್ಲಿಷ್ ಅನುವಾದದಲ್ಲಿ ಅದಕ್ಕೆ ಮೀನು ಹಿಡಿಯುವ 'ಲೈಸೆನ್ಸಿನ ಶುಲ್ಕ'ವೆಂದೇ ಅರ್ಥ ಕೊಟ್ಟರು. ಅದೇ ಅಧ್ಯಾಯದ ಇನ್ನೊಂದು ಮಾತು ಹೆಚ್ಚು ಗಮನಾರ್ಹ. ಹೊತ್ತಲ್ಲದ ಹೊತ್ತಿನಲ್ಲಿ, ಕಡವಲ್ಲದ ಕಡೆ ಹೊಳೆ ದಾಟಿದವರಿಗೆ ದಂಡ ಹೇಳುವ ಕೌಟಿಲ್ಯ, ಬೆಸ್ತರು, ಕಟ್ಟಿಗೆ ಮತ್ತು ಹುಲ್ಲು ಹೊರುವವರು, ದನಗಾಹಿಗಳು ಮುಂತಾದವರಿಗೆ ಆ ದಂಡದಿಂದ ವಿನಾಯಿತಿ ಕೊಡುತ್ತಾನೆ. ಕಠಿಣನೆಂದು ಹೆಸರಾದ ಆ ರಾಜನೀತಿಜ್ಞನಿಗೂ ಹೊಟ್ಟೆಪಾಡಿನವರನ್ನು ಬೇರೆಯಾಗಿ ಕಾಣಬೇಕೆಂದು ತೋರಿತ್ತು.

ಶಾಮಾಶಾಸ್ತ್ರಿಗಳ ಆ ಅನುವಾದ ಪುಸ್ತಕವಾಗಿ ಹೊರಬಂದದ್ದು 1915ರಲ್ಲಿ. ಅದೇ ವರ್ಷ ಮಸ್ಕಿಯ ಬೆಟ್ಟದಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಅವರ ಕಣ್ಣಿಗೆ ಬಂಡೆಯ ಮೇಲಿನ ಬರಹವೊಂದು ಬಿತ್ತು. 'ದೇವಾನಾಂಪ್ರಿಯ' ಎಂಬ ಬಿರುದಿನ ಜೊತೆಗೆ ಅಶೋಕನೆಂಬ ಹೆಸರೂ ಅದರಲ್ಲಿದ್ದುದರಿಂದ, ಇತರ ಶಾಸನಗಳ ದೇವಾನಾಂಪ್ರಿಯನು ಮೌರ್ಯ ಚಕ್ರವರ್ತಿ ಅಶೋಕನೇ ಎಂಬುದು ಸ್ಥಿರವಾಯಿತು. ಇದು ನಮ್ಮ ಶಾಲಾ ಮಕ್ಕಳಿಗೂ ತಿಳಿದಿರುವ ಸಂಗತಿ. ಅದೇ ಅಶೋಕ ಮೀನಿನ ಬಗ್ಗೆಯೂ ಆಜ್ಞೆ ಹೊರಡಿಸಿದ್ದನೆಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ.

ಆ ಆಜ್ಞೆ ಇರುವುದು ಮಸ್ಕಿಯಲ್ಲಲ್ಲ. ಉತ್ತರ ಭಾರತದ ಸ್ತಂಭಗಳ ಮೇಲಿನ ಐದನೆಯ ಶಾಸನದಲ್ಲಿ. ಪಟ್ಟಾಭಿಷೇಕವಾಗಿ 26 ವರ್ಷಗಳಾಗಿದ್ದಾಗ ಬರೆಸಿದ ಆ ಶಾಸನದಲ್ಲಿ ಕೊಲ್ಲಬಾರದ ಪ್ರಾಣಿಗಳ ಪಟ್ಟಿಯಿದೆ. ಅದರಲ್ಲಿ ಕೆಲವು ಜಾತಿಯ ಮೀನುಗಳೂ ಸೇರಿವೆ. ಜೊತೆಗೆ ಚಾತುರ್ಮಾಸ್ಯದ ಮೂರು ಹುಣ್ಣಿಮೆಗಳು, ತಿಷ್ಯ ನಕ್ಷತ್ರದ ಹುಣ್ಣಿಮೆ ಹಾಗೂ ಉಪವಾಸದ ದಿನಗಳಲ್ಲಿ ಮೀನು ಕೊಲ್ಲಬಾರದು, ಮಾರಲೂಬಾರದು ಎಂಬ ನಿರ್ಬಂಧವಿದೆ. ಮಾರಾಟಕ್ಕೂ ತಡೆ ಹಾಕಿರುವುದನ್ನು ಗಮನಿಸಬೇಕು. ಸಂತೆಯಲ್ಲಿ ಮೀನು ಬಿಕರಿಯಾಗುತ್ತಿದ್ದರೆ ಹೊಳೆಯಲ್ಲಿ ಬಲೆ ನಿಲ್ಲುವುದಿಲ್ಲವೆಂಬುದು ಆ ಕಾಲದ ಆಡಳಿತಕ್ಕೂ ಗೊತ್ತಿತ್ತು. ಉದ್ದೇಶ ಧರ್ಮದ್ದಾದರೂ ಇದರ ಸ್ವರೂಪ ಈಗಿನ ಮೀನುಗಾರಿಕೆ ನಿಷೇಧದ ಅವಧಿಯಂತೆಯೇ ಇದೆ.

ಇನ್ನು ವಿನೋದದ ಗಾಳ. ಅದು ಇಂಗ್ಲಿಷರು ತಂದ ಹವ್ಯಾಸವೆಂಬ ನಂಬಿಕೆ ನಮ್ಮಲ್ಲಿ ವ್ಯಾಪಕವಾಗಿದೆ. ಆದರೆ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ (1126-1138) 'ಮಾನಸೋಲ್ಲಾಸ'ದಲ್ಲಿ 'ಮತ್ಸ್ಯವಿನೋದ'ವೆಂಬ ಒಂದು ಪ್ರತ್ಯೇಕ ಪ್ರಕರಣವೇ ಇದೆ. ದೋಆಬು ಪ್ರದೇಶವೂ ಒಳಗೊಂಡಿದ್ದ ರಾಜ್ಯದ ಒಡೆಯನಾದ ಈ ದೊರೆ ಮೂವತ್ತಕ್ಕೂ ಹೆಚ್ಚು ಬಗೆಯ ಮೀನುಗಳನ್ನು ಹೆಸರಿಸುತ್ತಾನೆ. ಸಮುದ್ರದವು ಯಾವುವು, ನದಿಯವು ಯಾವುವು, ಹುರುಪೆಯುಳ್ಳವು ಯಾವುವು, ಇಲ್ಲದವು ಯಾವುವು ಎಂದು ವಿಂಗಡಿಸುತ್ತಾನೆ. ಯಾವ ಮೀನಿಗೆ ಹಿಟ್ಟಿನ ಉಂಡೆ, ಯಾವುದಕ್ಕೆ ಮಾಂಸದ ಚೂರು, ಕೋಲು ಹೇಗಿರಬೇಕು, ದಾರ ಮತ್ತು ಕೊಕ್ಕೆ ಹೇಗಿರಬೇಕು ಎಂಬುದನ್ನೆಲ್ಲ ವಿವರಿಸುತ್ತಾನೆ. ಪ್ರಾಣಿಶಾಸ್ತ್ರಜ್ಞ ಸುಂದರಲಾಲ್ ಹೋರಾ ಅವರು 1951ರಲ್ಲಿ ಈ ಪ್ರಕರಣವನ್ನು ವಿದ್ವಾಂಸರ ಗಮನಕ್ಕೆ ತಂದರು. ನೀರೇ ತನ್ನದಾಗಿದ್ದುದರಿಂದ ರಾಜನಿಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಅಪ್ಪಣೆ ಬೇಕಾಗುವುದು ಬೇರೆಯವರ ನೀರಿಗೆ ಬಂದವರಿಗೆ.

ಅಂಥ ಅತಿಥಿಗಳು ಹತ್ತೊಂಬತ್ತನೆಯ ಶತಮಾನದಲ್ಲಿ ದೊಡ್ಡ ಸಂಖ್ಯೆಯಲ್ಲಿ ಬಂದರು. ಆದರೆ ಒಡೆಯರಾಗಿ ಬಂದರು. ಆಗಿನ ದಕ್ಷಿಣ ಕೆನರಾದಲ್ಲಿ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್ 1873ರಲ್ಲಿ ಮಂಗಳೂರಿನಲ್ಲಿ ಅಚ್ಚಾದ 'ದಿ ರಾಡ್ ಇನ್ ಇಂಡಿಯಾ' ಪುಸ್ತಕದಲ್ಲಿ ಈ ದೇಶದಲ್ಲಿ ಗಾಳ ಹಾಕುವ ಬಗೆಯನ್ನು ತನ್ನ ಜನರಿಗೆ ವಿವರಿಸಿದ. ಪರದೇಶದ ಮೀನು ಬೇಟೆಗೆ ಕನ್ನಡ ನಾಡಿನಲ್ಲೇ ಬರೆದ ಕೈಪಿಡಿ ಅದು. ಸಣ್ಣ ಕಣ್ಣಿನ ಬಲೆ, ಹೊಳೆಗೆ ವಿಷ ಹಾಕುವ ಅಭ್ಯಾಸ ಇವುಗಳಿಂದ ಮೀನಿನ ಸಂತತಿ ನಾಶವಾಗುತ್ತದೆಂದೂ ಆತ ವಾದಿಸಿದ. 1897ರಲ್ಲಿ ಭಾರತೀಯ ಮೀನುಗಾರಿಕೆ ಕಾಯಿದೆ ಬಂದಿತು. ಸಿಡಿಮದ್ದು ಮತ್ತು ವಿಷದಿಂದ ಮೀನು ಹಿಡಿಯುವುದು ಅಪರಾಧವಾಯಿತು. ಬಲೆಯ ಕಣ್ಣಿನ ಅಳತೆ, ನಿಷೇಧದ ಅವಧಿಗಳನ್ನು ಗೊತ್ತುಮಾಡುವ ಅಧಿಕಾರ ಪ್ರಾಂತ್ಯಗಳಿಗೆ ದೊರೆಯಿತು. ಅದು ಬ್ರಿಟಿಷ್ ಇಂಡಿಯಾದ ಕಾಯಿದೆ. ತುಂಗಭದ್ರೆಯ ಆಚೆ ದಡಕ್ಕೆ ಅನ್ವಯಿಸುತ್ತಿತ್ತು. ಸಿಂಧನೂರಿನ ದಡ ನಿಜಾಮರದಾದ್ದರಿಂದ ಅಲ್ಲಿಗಿಲ್ಲ. ಮದ್ದು ಸಿಡಿದ ಸದ್ದು ಎರಡೂ ದಡಕ್ಕೆ ಕೇಳಿಸಿದರೂ ಅಪರಾಧ ಒಂದೇ ದಡದಲ್ಲಿ!

ಅತಿಥಿಯ ಗಾಳದ ಕಥೆ ನಮ್ಮ ಕಾಲದವರೆಗೂ ಮುಂದುವರಿದದ್ದು ಕಾವೇರಿಯಲ್ಲಿ. ಮೈಸೂರಿನ ವಾನ್ ಇಂಗೆನ್ ಮನೆತನದವರೊಬ್ಬರು 1946ರಲ್ಲಿ ಕಬಿನಿಯಲ್ಲಿ 120 ಪೌಂಡು, ಅಂದರೆ ಸುಮಾರು 54 ಕಿಲೋ ತೂಕದ ಮಹಸೀರ್ ಮೀನನ್ನು ಹಿಡಿದದ್ದು ಪ್ರಸಿದ್ಧವಾಗಿದೆ. 1970ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಕೆಲವು ಹವ್ಯಾಸಿಗಳು ಬಂದು ಹೋದ ಮೇಲೆ ಭೀಮೇಶ್ವರಿ, ದೊಡ್ಡಮಾಕಳಿ, ಗಾಳಿಬೋರೆಗಳು ಹೊರದೇಶದ ಗಾಳಗಾರರ ಬಾಯಲ್ಲಿ ಮನೆಮಾತಾದವು. ಶುಲ್ಕ ಕಟ್ಟಿ, ಮಾರ್ಗದರ್ಶಿಯನ್ನು ಜೊತೆಗಿಟ್ಟುಕೊಂಡು, ಹಿಡಿದ ಮೀನನ್ನು ತೂಗಿ ಮತ್ತೆ ನೀರಿಗೆ ಬಿಡಬೇಕೆಂಬುದು ಅಲ್ಲಿನ ಕಟ್ಟಳೆ. ಆದರೆ 1987ರಲ್ಲಿ ಆ ಭಾಗ ವನ್ಯಧಾಮವಾಗಿತ್ತು. 1972ರ ವನ್ಯಜೀವಿ ರಕ್ಷಣಾ ಕಾಯಿದೆಯ ಪ್ರಕಾರ ಪ್ರಾಣಿಯನ್ನು ಸೆರೆಹಿಡಿಯುವುದೂ ಬೇಟೆಯೇ ಎಂಬ ವಾದ ಬಲವಾಗಿ, 2010ರ ನಂತರದ ವರ್ಷಗಳಲ್ಲಿ ವನ್ಯಧಾಮದೊಳಗಿನ ಗಾಳದಾಟ ನಿಂತಿತು. ಗಾಳಗಾರರು ಇದ್ದುದರಿಂದಲೇ ಸಿಡಿಮದ್ದಿನ ಕಳ್ಳರು ದೂರವಿದ್ದರೆಂದು ಒಂದು ಪಕ್ಷ. ಅಭಯಾರಣ್ಯದಲ್ಲಿ ಆಟಕ್ಕೆಂದು ಪ್ರಾಣಿಯನ್ನು ನೋಯಿಸುವುದು ತರವಲ್ಲವೆಂದು ಇನ್ನೊಂದು ಪಕ್ಷ. ಈ ನಡುವೆ 2018ರಲ್ಲಿ ಕಾವೇರಿಯ ಡುಬ್ಬದ ಮಹಸೀರ್ ಅಳಿವಿನ ಅಂಚಿನಲ್ಲಿದೆಯೆಂದು ಅಂತರರಾಷ್ಟ್ರೀಯ ಕೆಂಪು ಪಟ್ಟಿ ಸೇರಿತು. ಪರವಾನಗಿಯ ಜಗಳದಲ್ಲಿ ಯಾರು ಗೆದ್ದರೂ ಮೀನು ಉಳಿಯದಿದ್ದರೆ ಗೆಲುವಿಗೆ ಅರ್ಥವಿಲ್ಲ.

ಈಗ ಹೊರದೇಶದ ಮಾತು. ಇಂಗ್ಲೆಂಡಿನಲ್ಲಿ ಹದಿಮೂರು ವರ್ಷ ತುಂಬಿದವರು ಕೆರೆ ಹೊಳೆಗಳಲ್ಲಿ ಗಾಳ ಹಾಕಲು ಸರ್ಕಾರದ ಪರವಾನಗಿ ಪಡೆಯಬೇಕು. ಅಷ್ಟಕ್ಕೇ ಮುಗಿಯಲಿಲ್ಲ, ಆ ನೀರಿನ ಒಡೆಯನ ಅಥವಾ ಅಲ್ಲಿನ ಸಂಘದ ಅನುಮತಿ ಬೇರೆಯೇ ಬೇಕು. ಬಹುತೇಕ ಮೀನುಗಳಿಗೆ ಮಾರ್ಚ್ 15ರಿಂದ ಜೂನ್ 15ರವರೆಗೆ ಹೊಳೆಗಳಲ್ಲಿ ನಿಷೇಧವಿರುತ್ತದೆ. ಈ ಪದ್ಧತಿಯ ಮೂಲ 1878ರ ಕಾಯಿದೆಯಲ್ಲಿದೆ. ಅಮೆರಿಕದಲ್ಲಿ ಪ್ರತಿಯೊಂದು ರಾಜ್ಯವೂ ತನ್ನದೇ ಪರವಾನಗಿ ಕೊಡುತ್ತದೆ. ಒಂದು ರಾಜ್ಯದ ಚೀಟಿ ಪಕ್ಕದ ರಾಜ್ಯದಲ್ಲಿ ಸಾಮಾನ್ಯವಾಗಿ ನಡೆಯದು. ಹೊರಗಿನವರಿಗೆ ಶುಲ್ಕವೂ ಹೆಚ್ಚು. ದಿನಕ್ಕೆ ಎಷ್ಟು ಮೀನು, ಎಷ್ಟು ಉದ್ದದ್ದು ಎಂಬುದಕ್ಕೂ ಕಟ್ಟುಪಾಡುಗಳಿವೆ. ಆದ್ದರಿಂದ ಹೋಗುವ ಮೊದಲು ಯಾವ ರಾಜ್ಯದ ಯಾವ ನೀರು, ಯಾವ ತಿಂಗಳು, ಯಾವ ಮೀನು ಎಂಬುದನ್ನು ನಿಶ್ಚಯಿಸಿಕೊಂಡು ಆ ಸರ್ಕಾರದ ನಿಯಮವನ್ನೇ ಓದಬೇಕು. ನೆಂಟರ ಮಾತಿನ ಭರವಸೆ ಸಾಲದು.

ಹೊರಗಿನವರಿಗೆ ಹೆಚ್ಚು ಶುಲ್ಕ ಹಾಕುವುದು ನ್ಯಾಯವೇ? ಈ ಬಗ್ಗೆ ಅಮೆರಿಕದ ಸುಪ್ರೀಂ ಕೋರ್ಟಿನ ಎರಡು ತೀರ್ಪುಗಳು ನಮ್ಮ ನಾಲ್ಕನೆಯ ಪ್ರಶ್ನೆಗೆ ಬೆಳಕು ಚೆಲ್ಲುತ್ತವೆ. ದಕ್ಷಿಣ ಕ್ಯಾರೊಲಿನಾ ರಾಜ್ಯವು ಸಿಗಡಿ ಹಿಡಿಯುವ ತನ್ನ ದೋಣಿಗಳಿಗೆ 25 ಡಾಲರ್, ಹೊರರಾಜ್ಯದ ದೋಣಿಗಳಿಗೆ 2,500 ಡಾಲರ್ ಶುಲ್ಕ ವಿಧಿಸಿತ್ತು. ಅದು ಜೀವನೋಪಾಯದ ಪ್ರಶ್ನೆಯಾದ್ದರಿಂದ ಇಂಥ ಭೇದ ಸಲ್ಲದೆಂದು 1948ರಲ್ಲಿ ನ್ಯಾಯಾಲಯ ಹೇಳಿತು. 1978ರಲ್ಲಿ ಮೊಂಟಾನಾ ರಾಜ್ಯದ ಬೇಟೆಯ ಪರವಾನಗಿಯ ಪ್ರಶ್ನೆ ಬಂದಾಗ, ಅದು ವಿನೋದವಾದ್ದರಿಂದ ಹೊರಗಿನವರಿಂದ ಹೆಚ್ಚು ಶುಲ್ಕ ತೆಗೆದುಕೊಳ್ಳಬಹುದೆಂದು ತೀರ್ಪಿತ್ತಿತು. ಬೆಸ್ತರನ್ನು ದಂಡದಿಂದ ಬಿಟ್ಟ ಕೌಟಿಲ್ಯನ ವಿವೇಕಕ್ಕೂ ಇದಕ್ಕೂ ಅಂತರ ಬಹಳವೇನಿಲ್ಲ.

ನಮ್ಮಲ್ಲಿ ಇಂದು ಒಳನಾಡು ಮೀನುಗಾರಿಕೆಗೆ 1996ರ ಕರ್ನಾಟಕ ಕಾಯಿದೆ ಇದೆ. ಕೆರೆಗಳನ್ನು ಗುತ್ತಿಗೆಗೆ ಕೊಡುವುದು, ಹೊಳೆ ಜಲಾಶಯಗಳಲ್ಲಿ ಪರವಾನಗಿ ಕೊಡುವುದು ರೂಢಿಯಲ್ಲಿರುವ ಕ್ರಮ. ಮೀನುಗಾರರ ಸಹಕಾರ ಸಂಘವೊಂದು ಗುತ್ತಿಗೆ ಹಿಡಿದು, ಸಾಲ ಮಾಡಿ ಮರಿ ಬಿಟ್ಟ ಕೆರೆಯಲ್ಲಿ ರಜೆಗೆಂದು ಬಂದವರು ಗಾಳ ಹಾಕಿದರೆ ಅವರು ಎತ್ತುವುದು ಹೊಳೆಯ ಮೀನನ್ನಲ್ಲ, ಬೇರೆಯವರ ಬೆಳೆಯನ್ನು. ಲಿಂಗಸುಗೂರಿನ ಅಂಚಿನಲ್ಲಿ ಹರಿಯುವ ಕೃಷ್ಣೆಯೇ ರಾಯಚೂರು ದಾಟುವಾಗ ತೆಲಂಗಾಣದ ಗಡಿಯೂ ಆಗುತ್ತದೆ. ಅಲ್ಲಿ ಇಂದಿಗೂ ಆಚೆ ದಡದ ನಿಯಮ ಬೇರೆ. ಸಿಂಧನೂರಿನ ಕ್ಯಾಂಪುಗಳಲ್ಲಿ ನೆಲೆಸಿರುವ, ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದ ಬಂಗಾಳಿ ಕುಟುಂಬಗಳಿಗೆ ಮೀನಿಲ್ಲದ ಊಟ ಊಟವಲ್ಲ. ಹೊಸ ನೆಲದ ನೀರಿನ ಕಟ್ಟಳೆಯನ್ನು ಕಲಿಯುವುದು ಪ್ರವಾಸಿಗೆ ಒಂದು ವಾರದ ಮಾತಾದರೆ ಅಂಥವರಿಗೆ ಅದು ಬದುಕಿನ ಮಾತು.

ಪರವಾನಗಿಯನ್ನು ಬರೀ ಕಿರುಕುಳವೆಂದು ನೋಡುವುದು ಸುಲಭ. ಆದರೆ ಅದು ಇಲ್ಲದ ಕಡೆ ನೀರು ಎಲ್ಲರದಾಗುವುದಿಲ್ಲ, ಬಲವುಳ್ಳವನದಾಗುತ್ತದೆ. ಸಿಡಿಮದ್ದು ತರಬಲ್ಲವನು ಒಂದೇ ದಿನದಲ್ಲಿ ಮಡುವನ್ನು ಬರಿದು ಮಾಡಿ ಹೋಗುತ್ತಾನೆ, ಬೀಸುಬಲೆಯವನು ಮರುದಿನ ಬರಿಗೈಯಲ್ಲಿ ಹಿಂದಿರುಗುತ್ತಾನೆ. ವಿನೋದಕ್ಕೆ ಬಂದವನಿಂದ ಅತಿಥಿಯ ವಿನಯವನ್ನೂ ಶುಲ್ಕವನ್ನೂ ಪಡೆದು, ಹೊಟ್ಟೆಪಾಡಿನವನಿಗೆ ದಾರಿ ಬಿಟ್ಟು, ಮೊಟ್ಟೆಯಿಡುವ ಕಾಲದಲ್ಲಿ ಇಬ್ಬರನ್ನೂ ತಡೆಯುವ ನಿಯಮವೇ ಒಳ್ಳೆಯ ನಿಯಮ. ಮಸ್ಕಿಯ ಬಂಡೆಯ ಮೇಲೆ ಮೀನಿನ ಸೊಲ್ಲಿಲ್ಲ ನಿಜ. ಆದರೆ ಧರ್ಮದ ಫಲ ದೊಡ್ಡವರಿಗೆ ಮಾತ್ರವೆಂದು ತಿಳಿಯಬಾರದು, ಸಣ್ಣವರಿಗೂ ದೊಡ್ಡವರಿಗೂ ಇದನ್ನು ಹೇಳಬೇಕು ಎಂಬ ಆಶಯ ಅಲ್ಲಿದೆ. ಯಾವ ದೇಶದ ಯಾವ ಹೊಳೆಯ ಕಟ್ಟಳೆಯನ್ನೇ ಆಗಲಿ ಈ ಮಾತಿಗೆ ಹಿಡಿದು ನೋಡಬಹುದು.