ಹಿತ್ತಲಿನ ಸಾಕ್ಷಿ

ಗಡಿನಾಡಿನ ಚರಿತ್ರೆ ಬರೆಯಹೊರಟವರು ಶಾಸನಗಳನ್ನು ಓದುತ್ತಾರೆ, ಕೋಟೆಗಳನ್ನು ಅಳೆಯುತ್ತಾರೆ, 1956ರ ನವೆಂಬರ್ 1ರ ರಾಜ್ಯ ವಿಂಗಡಣೆಯ ಕಡತಗಳನ್ನು ಬಿಡಿಸುತ್ತಾರೆ. ಮನೆಯ ಹಿಂದಿನ ಹಿತ್ತಲನ್ನು ಯಾರೂ ದಾಖಲೆಯೆಂದು ಎಣಿಸುವುದಿಲ್ಲ. ಆದರೆ ಈ ನಾಡಿನ ಅತಿ ದೊಡ್ಡ ದುರಂತದ ಮೊದಲ ಸಾಕ್ಷಿಗಳು ಹಿತ್ತಲಿನಲ್ಲೇ ಇದ್ದರು. ಅವು ಹಕ್ಕಿ, ಜೇನು, ಕಪ್ಪೆ, ಮೀನು. ಮತ್ತು ಅವನ್ನು ದಿನನಿತ್ಯ ನೋಡುತ್ತಿದ್ದ ಮನೆಯವರು.

ನೋಡುವ ಅಭ್ಯಾಸ ನಮ್ಮಲ್ಲಿ ಹೊಸತಲ್ಲ. ಭಾಷೆಯೇ ಅದಕ್ಕೆ ಆಧಾರ. ನಾವು ಕೆಂಬೂತ ಎನ್ನುವುದನ್ನು ನೆರೆಮನೆಯ ಮಲಯಾಳಿಗಳು ಚೆಂಬೋತ್ತ್ ಎನ್ನುತ್ತಾರೆ. ನಮ್ಮ ಕಿವಿ ಅವರಲ್ಲಿ ಚೆವಿಯಾಗುವಂತೆ ಕೆಂಪು ಚೆಂಪಾಗಿದೆ, ಅಷ್ಟೇ ವ್ಯತ್ಯಾಸ. ನಮ್ಮ ಮರಕುಟಿಗ ಅವರ ಮರಂಕೊತ್ತಿ. ಕಪ್ಪು ಬಿಳುಪು ಮೈಯ, ಬಾಲ ನಿಮಿರಿಸಿ ಹಾಡುವ ಪುಟ್ಟ ಹಕ್ಕಿಗೆ ಕನ್ನಡದಲ್ಲಿ ಮಡಿವಾಳ, ಮಲಯಾಳದಲ್ಲಿ ಮಣ್ಣಾತ್ತಿಪ್ಪುಳ್ಳ್. ಮಣ್ಣಾತ್ತಿ ಎಂದರೂ ಬಟ್ಟೆ ಒಗೆಯುವವಳೇ. ಎರಡು ಭಾಷೆಯವರು ಒಂದೇ ಹಕ್ಕಿಯನ್ನು ಕಂಡು ಒಂದೇ ಮಾತನ್ನು ಯೋಚಿಸಿದ್ದಾರೆ. ವಿಷುವಿನ ಹೊತ್ತಿಗೆ ಮರದ ಮರೆಯಿಂದ ನಾಲ್ಕು ಸ್ವರದಲ್ಲಿ ಕೂಗುವ ಕೋಗಿಲೆಯ ಬಳಗದ ಹಕ್ಕಿ, ಹಲಸಿನ ಪಲ್ಯಕ್ಕೆ ಉಪ್ಪಿದೆಯೇ ಎಂದು ಕೇಳುತ್ತದೆಂದು ಮಲಯಾಳಿಗಳ ನಂಬಿಕೆ. ಹಲಸು ಬಲಿಯುವ ಕಾಲವನ್ನೂ ಹಕ್ಕಿ ಕೂಗುವ ಕಾಲವನ್ನೂ ಜೋಡಿಸಿ ನೋಡಿದವರು ಮಾತ್ರ ಹೀಗೆ ಹೇಳಬಲ್ಲರು. ಆದರೆ ಈ ತಿಳಿವೆಲ್ಲ ಬಾಯಲ್ಲಿ ಉಳಿಯಿತು, ಕಾಗದಕ್ಕೆ ಇಳಿಯಲಿಲ್ಲ. ಅದರ ನಷ್ಟ ಏನೆಂಬುದು ಎಣ್ಮಕಜೆ ಪಂಚಾಯತಿನ ಪಡ್ರೆಯಲ್ಲಿ ಗೊತ್ತಾಯಿತು.

ಕಾಸರಗೋಡು ಜಿಲ್ಲೆಯ ಗುಡ್ಡೆಗಳ ಮೇಲೆ ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿಗೆ ಸೇರಿದ, 4,500 ಹೆಕ್ಟೇರಿಗೂ ಮಿಕ್ಕಿದ ಗೇರು ತೋಟಗಳಿದ್ದವು. ಗೇರಿನ ಚಿಗುರು ಮತ್ತು ಹೂವಿನ ರಸ ಹೀರುವ ಟೀ ಸೊಳ್ಳೆಯ ಹತೋಟಿಗೆಂದು 1970ರ ದಶಕದ ಉತ್ತರಾರ್ಧದಿಂದ 2000ದ ವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ತೋಟ ಗುಡ್ಡೆಯ ನೆತ್ತಿಯಲ್ಲಿ; ಮನೆ, ಅಡಿಕೆ ತೋಟ, ತೋಡು ಎಲ್ಲ ಕೆಳಗಿನ ಕಣಿವೆಯಲ್ಲಿ. ಕುಡಿಯುವ ನೀರು ಬರುವುದು ಅದೇ ಗುಡ್ಡೆಯ ಒಡಲನ್ನು ಕೊರೆದ ಸುರಂಗಗಳಿಂದ. ಗಾಳಿಯಲ್ಲಿ ತೇಲಿದ್ದೂ ಮಳೆಯಲ್ಲಿ ತೊಳೆದದ್ದೂ ಕೆಳಗೇ ಇಳಿಯಬೇಕು. ಈ ವಿಷ ಮೀನಿಗೆ ಬಹಳ ಬೇಗ ಮಾರಕ, ಜೇನಿಗೂ ಕೇಡು. ಗೇರಿನ ಹೂವು ಕಾಯಿಕಟ್ಟಲು ಕೀಟಗಳೇ ಪರಾಗ ಹೊರಬೇಕು. ಗೇರನ್ನು ಉಳಿಸಲು ಹೊರಟವರು ಗೇರಿನ ನೆಂಟರನ್ನೇ ಕೊಂದಂತಾಯಿತು.

ಊರವರು ಮೊದಲು ಕಂಡದ್ದು ಇದನ್ನೇ. ಜೇನ್ನೊಣಗಳು ಸತ್ತವು. ತೋಡಿನ ಮೀನು ಹೊಟ್ಟೆ ಮೇಲಾಗಿ ತೇಲಿತು. ಕಪ್ಪೆ, ಹಕ್ಕಿ, ಕೋಳಿಗಳು ಸತ್ತವು. 1970ರ ದಶಕ ಮುಗಿಯುವ ಹೊತ್ತಿಗೆ ಕೈಕಾಲು ಊನವಾದ ಕರುಗಳು ಹುಟ್ಟಿದ್ದನ್ನು ಕೃಷಿಕ ಪತ್ರಕರ್ತ ಶ್ರೀ ಪಡ್ರೆಯವರು ಗಮನಿಸಿ ಬರೆದರು. ಆಗ ಕೇಳಿದವರು ಕಡಿಮೆ. ಮುಂದೆ ಊರಿನ ವೈದ್ಯ ಡಾ. ವೈ. ಎಸ್. ಮೋಹನ ಕುಮಾರರು ತಮ್ಮಲ್ಲಿಗೆ ಬರುವ ಕಾಯಿಲೆಗಳು ಬೇರೆಡೆಗಿಂತ ಭಿನ್ನವಾಗಿರುವುದನ್ನು ಗುರುತಿಸಿದರು. ಕೃಷಿ ಇಲಾಖೆಯ ನೌಕರೆ ಲೀಲಾಕುಮಾರಿ ಅಮ್ಮನವರು 1998ರಲ್ಲಿ ಹೊಸದುರ್ಗದ ಮುನ್ಸಿಫ್ ನ್ಯಾಯಾಲಯದ ಮೆಟ್ಟಿಲೇರಿದರು. 2001ರಲ್ಲಿ ದಿಲ್ಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಪಡ್ರೆಯ ನೀರು, ಮಣ್ಣು ಮತ್ತು ಜನರ ರಕ್ತದಲ್ಲಿ ವಿಷದ ಉಳಿಕೆಯನ್ನು ತೋರಿಸಿತು. ಅಹಮದಾಬಾದಿನ ರಾಷ್ಟ್ರೀಯ ವೃತ್ತಿ ಆರೋಗ್ಯ ಸಂಸ್ಥೆ ಪಡ್ರೆಯ ಶಾಲಾ ಮಕ್ಕಳನ್ನು ಸಿಂಪಡಣೆ ಇಲ್ಲದ ಮೀಂಜದ ಮಕ್ಕಳೊಡನೆ ಹೋಲಿಸಿ, ಕಲಿಕೆಯ ತೊಂದರೆಯೂ ಜನ್ಮಜಾತ ಊನಗಳೂ ಪಡ್ರೆಯಲ್ಲಿ ಹೆಚ್ಚೆಂದು 2002ರಲ್ಲಿ ವರದಿ ಮಾಡಿತು. ಕೇರಳದಲ್ಲಿ 2005ರಲ್ಲಿ ನಿಷೇಧ ಬಂತು. 2011ರ ಮೇ 13ರಂದು ಸುಪ್ರೀಂ ಕೋರ್ಟು ದೇಶಕ್ಕೆಲ್ಲ ಅನ್ವಯಿಸುವ ತಡೆಯಾಜ್ಞೆ ಕೊಟ್ಟಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಅದೇ ನ್ಯಾಯಾಲಯ ಆದೇಶಿಸಿತು.

ಜೇನು ಸತ್ತ ದಿನದಿಂದ ಈ ಆದೇಶಗಳ ವರೆಗೆ ಎಷ್ಟು ವರ್ಷ! ನಡುವೆ ಪರಸ್ಪರ ವಿರುದ್ಧವಾದ ವರದಿಗಳೂ ಬಂದವು, ಸಮಿತಿಗಳೂ ಬಂದವು. ಮಕ್ಕಳನ್ನು ಹೋಲಿಸಲು ಮೀಂಜದ ಶಾಲೆಯಿತ್ತು. ಆದರೆ ಸಿಂಪಡಣೆಗೆ ಮೊದಲು ಒಂದು ಹಿತ್ತಲಲ್ಲಿ ಎಷ್ಟು ಜೇನುಗೂಡು, ಎಷ್ಟು ಬಗೆಯ ಹಕ್ಕಿ ಇತ್ತು ಎಂದು ಕೇಳಿದರೆ ತೋರಿಸಲು ತಾರೀಕು ಹಾಕಿದ ಒಂದು ಪುಸ್ತಕ ಬೇಕಿತ್ತು. ಅಜ್ಜಿಯರ ನೆನಪಿಗೆ ಕಚೇರಿಯಲ್ಲಿ ಬೆಲೆಯಿಲ್ಲ.

ಬರೆದಿಟ್ಟರೆ ಏನಾಗುತ್ತದೆಂಬುದಕ್ಕೆ ಹೊರದೇಶದ ಎರಡು ಪ್ರಸಂಗಗಳಿವೆ. ಅಮೆರಿಕದ ಮ್ಯಾಸಚುಸೆಟ್ಸಿನ ಡಕ್ಸ್‌ಬರಿ ಎಂಬ ಊರಲ್ಲಿ ಓಲ್ಗಾ ಹಕಿನ್ಸ್ ಎಂಬ ಮಹಿಳೆ ತಮ್ಮ ಮನೆಯ ಜಾಗವನ್ನೇ ಹಕ್ಕಿಧಾಮ ಮಾಡಿಕೊಂಡಿದ್ದರು. 1957ರಲ್ಲಿ ಸೊಳ್ಳೆ ನಿವಾರಣೆಗೆಂದು ವಿಮಾನದಿಂದ ಡಿ.ಡಿ.ಟಿ. ಸಿಂಪಡಿಸಿದಾಗ ಅಲ್ಲಿನ ಹಾಡುಹಕ್ಕಿಗಳು ಸತ್ತುಬಿದ್ದವು. ಎಷ್ಟು ಸತ್ತವು, ಹೇಗೆ ಸತ್ತವು ಎಂದು ಅವರು 1958ರ ಜನವರಿಯಲ್ಲಿ ಪತ್ರಿಕೆಗೊಂದು ಪತ್ರ ಬರೆದರು. ಪ್ರತಿಯನ್ನು ಗೆಳತಿ ರೇಚಲ್ ಕಾರ್ಸನ್ನರಿಗೆ ಕಳಿಸಿದರು. 1962ರಲ್ಲಿ ಬಂದ ಕಾರ್ಸನ್ನರ 'ಸೈಲೆಂಟ್ ಸ್ಪ್ರಿಂಗ್' ಪುಸ್ತಕಕ್ಕೆ ಆ ಪತ್ರವೇ ಪ್ರೇರಣೆ. ಇನ್ನೊಂದು ಇಂಗ್ಲೆಂಡಿನದು. ಡೇಗೆಯ ಜಾತಿಯ ಹಕ್ಕಿಗಳು ಏಕೆ ಕಡಿಮೆಯಾಗುತ್ತಿವೆಯೆಂದು ಹುಡುಕುತ್ತಿದ್ದ ಡೆರೆಕ್ ರ್‍ಯಾಟ್‌ಕ್ಲಿಫ್, ಹವ್ಯಾಸಿಗಳು ತಾರೀಕು ಹಚ್ಚಿ ಪೆಟ್ಟಿಗೆಯಲ್ಲಿಟ್ಟಿದ್ದ ಹಳೆಯ ಮೊಟ್ಟೆಗಳನ್ನು ತೂಗಿ ನೋಡಿದರು. 1947ರ ಬಳಿಕ ಮೊಟ್ಟೆಯ ಚಿಪ್ಪು ತೆಳ್ಳಗಾಗಿತ್ತು. ಡಿ.ಡಿ.ಟಿ. ಬಳಕೆಗೆ ಬಂದ ಕಾಲವೂ ಅದೇ. 1967ರಲ್ಲಿ ಪ್ರಕಟವಾದ ಈ ಶೋಧನೆಗೆ ಆಧಾರ ಮೊಟ್ಟೆಯಷ್ಟೇ ಅಲ್ಲ, ಅದರ ಮೇಲೆ ಹಚ್ಚಿದ್ದ ತಾರೀಕು.

ನಮ್ಮಲ್ಲೂ ಈಗ ದಾರಿ ತೆರೆದಿದೆ. 'ಇಂದುಚೂಡನ್' ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಕೆ. ಕೆ. ನೀಲಕಂಠನ್ ಅವರ 'ಕೇರಳತ್ತಿಲೆ ಪಕ್ಷಿಗಳ್' 1958ರಲ್ಲಿ ಬಂದು ಮಲಯಾಳಿಗಳಿಗೆ ಹಕ್ಕಿ ನೋಡುವ ಕಣ್ಣು ಕೊಟ್ಟಿತು. 2015ರಿಂದ 2020ರ ವರೆಗೆ ಸಾವಿರಕ್ಕೂ ಮಿಕ್ಕಿದ ಸ್ವಯಂಸೇವಕರು ರಾಜ್ಯವನ್ನು ಚೌಕಚೌಕವಾಗಿ ನಡೆದು ಕೇರಳದ ಪಕ್ಷಿ ನಕಾಶೆಯನ್ನು ಸಿದ್ಧಪಡಿಸಿದರು. ಪ್ರತಿ ಫೆಬ್ರವರಿಯಲ್ಲಿ ನಾಲ್ಕು ದಿನ ನಡೆಯುವ ಹಿತ್ತಲ ಹಕ್ಕಿ ಎಣಿಕೆಯಲ್ಲಿ ಭಾರತ 2013ರಿಂದ ಪಾಲ್ಗೊಳ್ಳುತ್ತಿದೆ. ಕಾಲು ಗಂಟೆ ಅಂಗಳದಲ್ಲಿ ನಿಂತರೂ ಸಾಕು. 2023ರಲ್ಲಿ ಕಾಸರಗೋಡು ಜಿಲ್ಲೆ ಬಿಳಿಹೊಟ್ಟೆಯ ಕಡಲ ಹದ್ದನ್ನು ತನ್ನ ಪಕ್ಷಿಯೆಂದು ಸಾರಿತು.

ಇವುಗಳಲ್ಲಿ ಕನ್ನಡ ಮನೆಗಳ ಪಾಲೂ ಇರಬೇಕು. ಗೋಡೆಯ ಪಂಚಾಂಗದಲ್ಲಿ ಹಾಲಿನ ಲೆಕ್ಕ, ಕೂಲಿಯ ಲೆಕ್ಕ ಬರೆಯುವವರು ನಾವು. ಅದೇ ಚೌಕದೊಳಗೆ ಮಂಗಟ್ಟೆ ಬಂದ ದಿನ, ಜೇನು ಗೂಡು ಬಿಟ್ಟ ದಿನ, ತೋಡಿನಲ್ಲಿ ಮೀನು ಸತ್ತ ದಿನ ಬರೆದಿಡಲು ಹೆಚ್ಚಿನ ಜಾಗ ಬೇಡ. ಕನ್ನಡದಲ್ಲೋ ತುಳುವಿನಲ್ಲೋ ಮಲಯಾಳದಲ್ಲೋ, ನಮ್ಮ ಬಾಯಲ್ಲಿರುವ ಹೆಸರಿನಲ್ಲೇ ಬರೆದರಾಯಿತು. ವರ್ಷ ಮುಗಿದಾಗ ಪಂಚಾಂಗವನ್ನು ಒಲೆಗೆ ಹಾಕದಿದ್ದರೆ, ಮುಂದೆಂದಾದರೂ ಸಾಕ್ಷಿ ಕೇಳಿದಾಗ ನಮ್ಮ ಮಕ್ಕಳು ಬರಿಗೈಯಲ್ಲಿ ನಿಲ್ಲಬೇಕಾಗಿಲ್ಲ.