ಕಲಾಕೃತಿಯ ಪ್ರತಿಚಿತ್ರ ಮತ್ತು ಹಕ್ಕುಸ್ವಾಮ್ಯ: ಕೆ. ವೆಂಕಟಪ್ಪನವರ ಚಿತ್ರಗಳ ನೆಲೆಯಿಂದ

ಕೆಲವು ವರ್ಷಗಳ ಹಿಂದೆ ಮೌಲ್ಯಮಾಪನಕ್ಕೆಂದು ನನ್ನ ಕೈಗೆ ಬಂದ ಮಹಾಪ್ರಬಂಧವೊಂದರಲ್ಲಿ ಪುಟದ ನಡುವೆ ಒಂದು ಖಾಲಿ ಚೌಕವಿತ್ತು. ಕೆಳಗೆ ‘ಚಿತ್ರ 14: ಅನುಮತಿ ದೊರೆತಿಲ್ಲ’ ಎಂಬ ಅಡಿಬರಹ. ಮುಂದಿನ ಮೂರು ಪುಟಗಳ ವಿವೇಚನೆಯೆಲ್ಲ ಆ ಚಿತ್ರದ ಬಣ್ಣಗಳನ್ನು ಕುರಿತದ್ದು. ಚಿತ್ರವನ್ನೇ ನೋಡದೆ ಆ ವಾದವನ್ನು ಒಪ್ಪಲೂ ಆಗಲಿಲ್ಲ, ತಳ್ಳಿಹಾಕಲೂ ಆಗಲಿಲ್ಲ. ಅದು ಹದಿನೇಳನೆಯ ಶತಮಾನದ ಬಿಜಾಪುರದ ಚಿತ್ರ. ಬರೆದ ಕಲಾವಿದ ತೀರಿಕೊಂಡು ಮುನ್ನೂರು ವರ್ಷಗಳಾಗಿವೆ. ಹಾಗಿದ್ದರೆ ಆ ಸಂಶೋಧಕಿ ಅನುಮತಿ ಕೇಳಿದ್ದು ಯಾರನ್ನು?

ಕಲಾವಿದನ ಹಕ್ಕುಸ್ವಾಮ್ಯ, ಕೃತಿಯನ್ನು ಇಟ್ಟುಕೊಂಡವರ ಒಡೆತನ, ಕೃತಿಯ ಫೋಟೋ ತೆಗೆದವರ ಹಕ್ಕು ಈ ಮೂರೂ ಬೇರೆ ಬೇರೆ. ನಮ್ಮ ಕಲಾಧ್ಯಯನದಲ್ಲಿ ಇವು ಒಂದರೊಳಗೊಂದು ಕಲಸಿಹೋಗಿವೆ. ಖಾಲಿ ಚೌಕಗಳು ಹುಟ್ಟುವುದು ಬಹುಪಾಲು ಈ ಕಲಬೆರಕೆಯಿಂದ, ಕಾನೂನಿನಿಂದಲ್ಲ ಎಂಬುದು ಈ ಲೇಖನದ ವಾದ.

1957ರ ಹಕ್ಕುಸ್ವಾಮ್ಯ ಕಾಯ್ದೆಯ ಕಲಂ 22ರ ಪ್ರಕಾರ, ಕಲಾವಿದನ ಜೀವಿತಕಾಲದಲ್ಲಿ ಪ್ರಕಟವಾದ ಕೃತಿಯ ಹಕ್ಕು ಅವನು ತೀರಿಕೊಂಡ ಮರುವರ್ಷದ ಆರಂಭದಿಂದ 60 ವರ್ಷ ಇರುತ್ತದೆ. ರವಿವರ್ಮ ತೀರಿಕೊಂಡದ್ದು 1906ರಲ್ಲಿ; ಅವರ ಚಿತ್ರಗಳ ಮೇಲೆ ಈಗ ಯಾರ ಹಕ್ಕೂ ಇಲ್ಲ. ಕಟ್ಟಿಂಗೇರಿಯ ಕೆ. ಕೆ. ಹೆಬ್ಬಾರರು ತೀರಿಕೊಂಡದ್ದು 1996ರಲ್ಲಿ. ಅವರ ಚಿತ್ರಗಳ ಹಕ್ಕು 2056ರ ಕೊನೆಯವರೆಗೂ ನಡೆಯುತ್ತದೆ. ಇವರಿಬ್ಬರ ನಡುವೆ, ನಮಗೆ ಬಹಳ ಹತ್ತಿರದವರಾಗಿ, ಕೆ. ವೆಂಕಟಪ್ಪ (1886–1965) ನಿಲ್ಲುತ್ತಾರೆ. ಅವರ ಪ್ರಕಟಿತ ಕೃತಿಗಳ ಅವಧಿ 2025ರ ಡಿಸೆಂಬರ್ 31ಕ್ಕೆ ಮುಗಿಯಿತು.

‘ಪ್ರಕಟಿತ’ ಎಂಬ ಪದವನ್ನು ಇಲ್ಲಿ ಹಗುರವಾಗಿ ಓದಬಾರದು. ವೆಂಕಟಪ್ಪನವರು ಕೊಲ್ಕತ್ತದಲ್ಲಿ ಅವನೀಂದ್ರನಾಥ ಟ್ಯಾಗೋರರ ಬಳಿ ಕಲಿಯುತ್ತಿದ್ದಾಗ ಬರೆದ ರಾಮಾಯಣದ ಚಿತ್ರಗಳು, ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿ ಅವರ ಪುರಾಣಕಥೆಗಳ ಪುಸ್ತಕದಲ್ಲಿ 1913ರಲ್ಲೇ ಲಂಡನ್ನಿನಲ್ಲಿ ಅಚ್ಚಾದವು. ಅವುಗಳ ವಿಷಯದಲ್ಲಿ ತಕರಾರಿಲ್ಲ. ಆದರೆ ಅವರು ಬದುಕಿದ್ದಾಗ ಅಚ್ಚಾಗದೆ ಮನೆಯಲ್ಲೇ ಉಳಿದ ಜಲವರ್ಣವಿದ್ದರೆ ಅದರ ಗತಿಯೇನು? ಮರಣಾನಂತರ ಪ್ರಕಟವಾಗುವ ಕೃತಿಗಳ ಬಗ್ಗೆ ಹೇಳುವ ಕಲಂ 24ರಲ್ಲಿ ಸಾಹಿತ್ಯ, ನಾಟಕ, ಸಂಗೀತ, ಕೆತ್ತನೆಯಚ್ಚು ಇವೆ, ವರ್ಣಚಿತ್ರದ ಹೆಸರಿಲ್ಲ. ಈ ತೆರಪನ್ನು ಕಾಯ್ದೆ ತುಂಬಿಲ್ಲ. ಆದ್ದರಿಂದ ಯಾವ ಚಿತ್ರ ಯಾವ ವರ್ಷ ಎಲ್ಲಿ ಮೊದಲು ಅಚ್ಚಾಯಿತು ಎಂಬ ಪಟ್ಟಿ ಕಲಾ ಇತಿಹಾಸಕಾರನಿಗಷ್ಟೇ ಅಲ್ಲ, ಕಾನೂನಿಗೂ ಬೇಕಾದ ದಾಖಲೆ.

ಹಕ್ಕು ಇನ್ನೂ ಉಳಿದಿರುವ ಚಿತ್ರಗಳಿಗೂ ಪಾಠದ ಕೋಣೆಯಲ್ಲಿ ಅಡ್ಡಿಯಿಲ್ಲ. ಕಲಂ 52(1)(ಐ) ಪ್ರಕಾರ ಬೋಧನೆಯ ಸಂದರ್ಭದಲ್ಲಿ ಅಧ್ಯಾಪಕರೂ ವಿದ್ಯಾರ್ಥಿಗಳೂ ಯಾವುದೇ ಕೃತಿಯ ಪ್ರತಿ ಮಾಡಬಹುದು, ಪ್ರಶ್ನೆಪತ್ರಿಕೆಯಲ್ಲೂ ಹಾಕಬಹುದು. ರಾಮೇಶ್ವರಿ ಫೋಟೋಕಾಪಿ ಪ್ರಕರಣದಲ್ಲಿ ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠ 2016ರ ಡಿಸೆಂಬರ್‌ನಲ್ಲಿ ಈ ‘ಬೋಧನೆ’ ಎಂಬ ಮಾತನ್ನು ತರಗತಿಯ ಉಪನ್ಯಾಸಕ್ಕಷ್ಟೇ ಕಟ್ಟಿಹಾಕಲಿಲ್ಲ. ವಿಮರ್ಶೆಗಾಗಿ ನ್ಯಾಯವಾದ ಬಳಕೆಗೆ 52(1)(ಎ) ಅವಕಾಶ ಕೊಡುತ್ತದೆ. ಹೆಬ್ಬಾರರ ಒಂದು ಚಿತ್ರದ ರೇಖೆಯನ್ನು ಚರ್ಚಿಸುವ ಲೇಖನ ಆ ಚಿತ್ರವನ್ನು ಅಚ್ಚುಹಾಕುವುದು ಈ ಆಶ್ರಯದಲ್ಲೇ ಬರುತ್ತದೆ ಎಂದು ನಾನು ಖಚಿತವಾಗಿ ನಂಬುತ್ತೇನೆ. ಮುಖಪುಟದ ಅಲಂಕಾರಕ್ಕೆ ಅದೇ ಚಿತ್ರ ಬಳಸಿದರೆ ಮಾತು ಬೇರೆ.

ಕಾಯ್ದೆ ನಿಜವಾಗಿ ಕೈಕೊಡುವುದು ಪಠ್ಯಪುಸ್ತಕದಲ್ಲಿ. ಬೋಧನೆಗೆಂದು ಹೊರತರುವ ಸಂಕಲನದಲ್ಲಿ ಸಾಹಿತ್ಯ ಮತ್ತು ನಾಟಕದ ಸಣ್ಣ ಭಾಗಗಳನ್ನು ಸೇರಿಸಲು 52(1)(ಎಚ್) ಒಪ್ಪುತ್ತದೆ. ಚಿತ್ರಗಳನ್ನು ಅದು ಹೆಸರಿಸುವುದೇ ಇಲ್ಲ. ಇನ್ನೊಂದು ವಿಚಿತ್ರವೂ ಇದೆ. ಸಾರ್ವಜನಿಕ ಸ್ಥಳದಲ್ಲಿ ಕಾಯಮ್ಮಾಗಿ ನಿಲ್ಲಿಸಿದ ಶಿಲ್ಪದ ಫೋಟೋವನ್ನು ಅಚ್ಚುಹಾಕಬಹುದು. ಪಕ್ಕದ ಗೋಡೆಯ ವರ್ಣಚಿತ್ರಕ್ಕೆ ಆ ವಿನಾಯಿತಿ ಇಲ್ಲ. ಅದೇ ಗೋಡೆ ಸಿನಿಮಾದಲ್ಲಿ ಬಂದರೆ ತಪ್ಪಿಲ್ಲ! ಮುಂದಿನ ತಿದ್ದುಪಡಿಯಲ್ಲಿ ಇವೆರಡೂ ಸರಿಯಾಗಬೇಕು.

ಮತ್ತೆ ‘ಚಿತ್ರ 14’ಕ್ಕೆ ಬರೋಣ. ಸಂಗ್ರಹಾಲಯಗಳು ಶುಲ್ಕ ಕೇಳುವುದು ಹಳೆಯ ಚಿತ್ರದ ಹಕ್ಕಿಗಲ್ಲ. ಅದರ ಫೋಟೋಗೆ, ಫೈಲಿಗೆ. 1999ರಲ್ಲಿ ಬ್ರಿಡ್ಜ್‌ಮನ್–ಕೋರೆಲ್ ಮೊಕದ್ದಮೆಯಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯ, ಚಪ್ಪಟೆ ಚಿತ್ರವೊಂದರ ಯಥಾವತ್ ಫೋಟೋಗೆ ಎಷ್ಟೇ ಶ್ರಮ ಹಾಕಿದ್ದರೂ ಅದು ಸ್ವಂತ ಸೃಷ್ಟಿಯಲ್ಲ, ಅದಕ್ಕೆ ಹಕ್ಕುಸ್ವಾಮ್ಯವಿಲ್ಲ ಎಂದಿತು. ಯುರೋಪಿಯನ್ ಒಕ್ಕೂಟದ 2019ರ ನಿರ್ದೇಶನದ 14ನೆಯ ವಿಧಿಯ ನಿಲುವೂ ಇದೇ. ಈಸ್ಟರ್ನ್ ಬುಕ್ ಕಂಪನಿ–ಮೋದಕ್ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟ್ 2007ರಲ್ಲಿ ಬರಿಯ ದುಡಿಮೆ ಸಾಲದು, ಕಿಂಚಿತ್ತಾದರೂ ಸೃಜನಶೀಲತೆ ಬೇಕು ಎಂದ ಮೇಲೆ, ಇಲ್ಲೂ ಅದೇ ತೀರ್ಮಾನಕ್ಕೆ ಬರಬೇಕೆಂಬುದು ನನ್ನ ವಾದ. ಶಿಲ್ಪದ ಮಾತು ಹಾಗಲ್ಲ. ಬೇಲೂರಿನ ಮದನಿಕೆ ಎಲ್ಲರ ಸ್ವತ್ತು. ಯಾವ ಮಗ್ಗುಲಿನಿಂದ, ಯಾವ ಬೆಳಕಿನಲ್ಲಿ ಎಂದು ಆರಿಸಿ ತೆಗೆದ ಫೋಟೋ ಮಾತ್ರ ಛಾಯಾಗ್ರಾಹಕನದು.

ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ 1680ರ ಸುಮಾರಿನ ಬಿಜಾಪುರದ ಚಿತ್ರವೊಂದಿದೆ. ಕಮಾಲ್ ಮುಹಮ್ಮದ್ ಮತ್ತು ಚಾಂದ್ ಮುಹಮ್ಮದ್ ಬರೆದದ್ದು. ಬೇರೆ ಬೇರೆ ತಲೆಮಾರಿನ ಆದಿಲ್‌ಶಾಹಿ ಸುಲ್ತಾನರು ಒಟ್ಟಿಗೇ ಕೂತಿದ್ದಾರೆ. ವಂಶದ ಕೊನೆಯ ಸಿಕಂದರ್ ಅಲ್ಲಿ ಇನ್ನೂ ಬಾಲಕ. ಆ ಮ್ಯೂಸಿಯಂ 2017ರ ಫೆಬ್ರವರಿಯಲ್ಲಿ ಸುಮಾರು 3,75,000 ಫೋಟೋಗಳನ್ನು ಯಾವ ಷರತ್ತೂ ಇಲ್ಲದೆ ಬಿಟ್ಟುಕೊಟ್ಟಿತು. ವಿಜಯಪುರದ ಕಾಲೇಜಿನ ಹುಡುಗಿ ಈಗ ಈ ಚಿತ್ರವನ್ನು ಇಳಿಸಿಕೊಂಡು, ಹಿಗ್ಗಿಸಿ ನೋಡಿ, ತನ್ನ ಲೇಖನದಲ್ಲಿ ಅಚ್ಚುಹಾಕಬಹುದು. ಯಾರಿಗೂ ಅರ್ಜಿ ಬರೆಯಬೇಕಿಲ್ಲ.

ಅಷ್ಟೇ ಸಲೀಸಾಗಿ ಅವಳಿಗೆ ವೆಂಕಟಪ್ಪನವರ ಊಟಿಯ ಜಲವರ್ಣಗಳು ಸಿಗಬೇಕು. ಬೆಂಗಳೂರಿನ ಕಸ್ತೂರಬಾ ರಸ್ತೆಯ ವೆಂಕಟಪ್ಪ ಆರ್ಟ್ ಗ್ಯಾಲರಿಯನ್ನು ನೋಡಿಕೊಳ್ಳುವವರಲ್ಲಿ ನನ್ನ ಕೋರಿಕೆ ಎರಡು: ಪ್ರತಿಯೊಂದು ಚಿತ್ರದ ಮೊದಲ ಪ್ರಕಟಣೆಯ ಪಟ್ಟಿ ಮಾಡಿಸಿ, ಅವಧಿ ಮುಗಿದವುಗಳನ್ನು ಒಳ್ಳೆಯ ಸ್ಕ್ಯಾನಿನಲ್ಲಿ, ಷರತ್ತಿಲ್ಲದೆ, ಎಲ್ಲರಿಗೂ ಕೊಡಿ.