ಮಧುಮೇಹದ ಪಾದವ್ರಣ: ಸ್ವರಕ್ತ ಚಿಕಿತ್ಸೆಯ ಇತಿಹಾಸ
ಮಧುಮೇಹಿಗಳ ಪಾದದಲ್ಲಿ ಬಹುಕಾಲ ಮಾಯದೆ ಉಳಿಯುವ ಹುಣ್ಣಿಗೆ ರೋಗಿಯ ರಕ್ತದಿಂದಲೇ ತಯಾರಿಸಿದ ಲೇಪ ಅಥವಾ ಪಟ್ಟಿಯನ್ನು ಹಚ್ಚುವ ಚಿಕಿತ್ಸೆಯನ್ನು ಒಂದೇ ವಿಧಾನದ ಕ್ರಮಬದ್ಧ ಬೆಳವಣಿಗೆಯೆಂಬಂತೆ ನಿರೂಪಿಸುವುದುಂಟು. ಆದರೆ ಅದರಲ್ಲಿ ಕನಿಷ್ಠ ಮೂರು ಭಿನ್ನ ಪದಾರ್ಥಗಳು ಸೇರಿದ್ದು, ಒಂದರ ಫಲವನ್ನು ಇನ್ನೊಂದರ ಲೆಕ್ಕಕ್ಕೆ ಬರೆದುದರಿಂದ ಗೊಂದಲ ಹೆಚ್ಚಿದೆ.

ರಕ್ತ ಹೆಪ್ಪುಗಟ್ಟಲು ನೆರವಾಗುವ ಪ್ಲೇಟ್‌ಲೆಟ್ ಕಣಗಳು ಜೀವಕೋಶಗಳ ವೃದ್ಧಿಯನ್ನು ಪ್ರಚೋದಿಸುವ ಅಂಶವನ್ನು ಬಿಡುಗಡೆ ಮಾಡುತ್ತವೆಂಬುದು 1974ರಲ್ಲಿ ತಿಳಿದುಬಂತು. ಅಮೆರಿಕದ ಮಿನೆಸೋಟದಲ್ಲಿ ಡೇವಿಡ್ ನೈಟನ್ ಮತ್ತು ಸಂಗಡಿಗರು 49 ರೋಗಿಗಳ ಮಾಯದ ಗಾಯಗಳಿಗೆ ಈ ಅಂಶವನ್ನು, ಅಂದರೆ ಮೂರರಲ್ಲಿ ಮೊದಲನೆಯದನ್ನು, ಬಳಸಿ 1986ರಲ್ಲಿ ಫಲಿತಾಂಶ ಪ್ರಕಟಿಸಿದರು. ಅವರು ಹಚ್ಚಿದ್ದು ಪ್ಲೇಟ್‌ಲೆಟ್‌ಗಳನ್ನಲ್ಲ, ರಕ್ತವನ್ನು ಹೆಪ್ಪುಗಟ್ಟಿಸುವ ಕಿಣ್ವವಾದ ಥ್ರಾಂಬಿನ್ ಸೇರಿಸಿದಾಗ ಅವುಗಳಿಂದ ಹೊರಬಂದ ದ್ರವವನ್ನು. ನಂತರದ ಹಲವು ಬರಹಗಳು ಈ ವ್ಯತ್ಯಾಸವನ್ನು ಮರೆತಿವೆ. ಪ್ರೊಕ್ಯೂರೆನ್ ಎಂಬ ಹೆಸರಿನಲ್ಲಿ ಬಳಕೆಗೆ ಬಂದ ಈ ದ್ರವದಿಂದ ಪ್ರಯೋಜನವಿಲ್ಲವೆಂದು 1991ರ ಒಂದು ಸಣ್ಣ ಪ್ರಯೋಗ ವರದಿ ಮಾಡಿತು. 1992ರಲ್ಲಿ ಅಮೆರಿಕದ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್ ಅದರ ವೆಚ್ಚ ಭರಿಸಲು ನಿರಾಕರಿಸಿತು. 1997ರಲ್ಲಿ ಅನುಮತಿ ಪಡೆದ ಬೆಕಾಪ್ಲರ್ಮಿನ್ ಲೇಪವನ್ನೂ ಈ ಸಾಲಿಗೆ ಸೇರಿಸುವವರಿದ್ದಾರೆ. ಅದರಲ್ಲಿರುವ ವೃದ್ಧಿಕಾರಕ ಪ್ರಯೋಗಶಾಲೆಯಲ್ಲಿ ತಯಾರಾದುದೇ ಹೊರತು ರೋಗಿಯ ರಕ್ತದಿಂದ ಬಂದುದಲ್ಲ.

ಎರಡನೆಯದು, ಪ್ಲೇಟ್‌ಲೆಟ್‌ಗಳನ್ನು ಸಾಂದ್ರಗೊಳಿಸಿದ ರಕ್ತರಸ, ಅಂದರೆ ಪಿಆರ್‌ಪಿ. ಇದರ ಜೆಲ್‌ಗೆ ಸಂಬಂಧಿಸಿ 2006ರಲ್ಲಿ ಪ್ರಕಟವಾದ ಪ್ರಯೋಗವನ್ನು ಪರವಾಗಿಯೂ ವಿರೋಧವಾಗಿಯೂ ಉಲ್ಲೇಖಿಸಲಾಗುತ್ತದೆ. ಸೇರಿಸಿಕೊಂಡ 72 ರೋಗಿಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಪಿಆರ್‌ಪಿ ಗುಂಪಿನ 40 ಮಂದಿಯಲ್ಲಿ 13, ಹೋಲಿಕೆಗಾಗಿ ಲವಣಜೆಲ್ ಪಡೆದ 32 ಮಂದಿಯಲ್ಲಿ 9 ಹುಣ್ಣುಗಳು ಮಾಯ್ದಿದ್ದು, ಆ ಅಂತರ ಗಣನೀಯವಲ್ಲ. ನಿಯಮಗಳಿಗೆ ಹೊಂದದ 32 ಮಂದಿಯನ್ನು ಕೈಬಿಟ್ಟರೆ ಮಾತ್ರ ಅದು 19ರಲ್ಲಿ 13, 21ರಲ್ಲಿ 9 ಎಂದಾಗಿ ಹಿಗ್ಗುತ್ತದೆ. ಹೆಚ್ಚು ಕಡಿಮೆ ಅರ್ಧದಷ್ಟು ರೋಗಿಗಳನ್ನು ಹೊರಗಿಟ್ಟು ಪಡೆದ ಉತ್ತರವನ್ನು ಅನುಮಾನದಿಂದ ನೋಡುವುದು ಸಹಜ.

ಮೂರನೆಯದು, ಪ್ಲೇಟ್‌ಲೆಟ್ ಮತ್ತು ಬಿಳಿ ರಕ್ತಕಣಗಳನ್ನು ಫೈಬ್ರಿನ್ ಎಂಬ ನಾರುಪ್ರೋಟೀನಿನ ಜಾಲದಲ್ಲಿ ಹಿಡಿದಿಡುವ ಪಟ್ಟಿ. ಯಾವ ರಾಸಾಯನಿಕವನ್ನೂ ಬೆರೆಸದೆ, ರಕ್ತವನ್ನು ಯಂತ್ರದಲ್ಲಿ ವೇಗವಾಗಿ ತಿರುಗಿಸಿ ಇದನ್ನು ಪಡೆಯಲಾಗುತ್ತದೆ. ಬ್ರಿಟನ್, ಡೆನ್ಮಾರ್ಕ್, ಸ್ವೀಡನ್‌ಗಳ 32 ಕೇಂದ್ರಗಳಲ್ಲಿ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ನಾಲ್ಕು ವಾರಗಳ ಸಾಮಾನ್ಯ ಆರೈಕೆಯಲ್ಲೇ ಅರ್ಧದಷ್ಟು ಕುಗ್ಗಿದ ಹುಣ್ಣುಗಳನ್ನು ಮೊದಲೇ ಬಿಟ್ಟುಬಿಡಲಾಯಿತು. ಉಳಿದವುಗಳಲ್ಲಿ ಪಟ್ಟಿ ಕಟ್ಟಿದ 132ರ ಪೈಕಿ 45, ಸಾಮಾನ್ಯ ಆರೈಕೆ ಮಾತ್ರ ಪಡೆದ 134ರ ಪೈಕಿ 29 ಹುಣ್ಣುಗಳು 20 ವಾರಗಳಲ್ಲಿ ಮಾಯ್ದವು.

ಮಧುಮೇಹದ ಪಾದ ಕುರಿತ ಅಂತರರಾಷ್ಟ್ರೀಯ ಕಾರ್ಯತಂಡವು 2019ರಲ್ಲಿ ಈ ಪಟ್ಟಿಯನ್ನು ಪೂರಕ ಚಿಕಿತ್ಸೆಯಾಗಿ ಪರಿಗಣಿಸಬಹುದೆಂದು ಹೇಳಿ, ಪ್ಲೇಟ್‌ಲೆಟ್ ಜೆಲ್‌ಗಳಿಗೆ ಉತ್ತಮ ಸಾಮಾನ್ಯ ಆರೈಕೆಗಿಂತ ಆದ್ಯತೆ ನೀಡಬಾರದೆಂದಿತು. 2021ರಲ್ಲಿ ಮೆಡಿಕೇರ್ ಇಂಥ ಹುಣ್ಣುಗಳಿಗೆ ಪಿಆರ್‌ಪಿ ಎಂಬ ಹೆಸರಿನಲ್ಲೇ 20 ವಾರಗಳ ಚಿಕಿತ್ಸೆಯ ವೆಚ್ಚ ಭರಿಸಲು ಒಪ್ಪಿಕೊಂಡಿತು.